ಆಧಾರ್ ಅದ, ಆದ್ರ ಬಟ್ಟು ಹತ್ತವಲ್ದು: ದೇಶಕ್ಕೊಂದು ಗುರುತಿನ ಚೀಟಿ ಬೇಕಾ, ಬ್ಯಾಡಾ?

ಶಹಾಬಾದ್: ತಿಂಗಳ ಪಡಿತರ ಬಂದ ದಿನ ನ್ಯಾಯಬೆಲೆ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಈ ದೃಶ್ಯ ಕಾಣುತ್ತದೆ. ಇಪ್ಪತ್ತು-ಮೂವತ್ತು ವರ್ಷ ಪರಸಿ ಕಲ್ಲು ಹೊತ್ತು, ಪಾಲಿಶ್ ಮಾಡಿ ಕೈ ಸವೆಸಿಕೊಂಡ ಹಿರಿಯರೊಬ್ಬರು ಮಷೀನಿನ ಮೇಲೆ ಹೆಬ್ಬೆರಳು ಇಡುತ್ತಾರೆ. ಹೊಂದಾಣಿಕೆ ಆಗುವುದಿಲ್ಲ. ಬೇರೆ ಬೆರಳು ಇಡುತ್ತಾರೆ. ಅದೂ ಆಗುವುದಿಲ್ಲ. "ಕಾಕಾ, ಬಟ್ಟು ಹತ್ತವಲ್ದು. ಕೈ ತೊಳ್ಕೊಂಡು, ಒರಸ್ಕೊಂಡು ಇನ್ನೊಮ್ಮಿ ಇಡ್ರಿ" ಅಂತಾರೆ ಅಂಗಡಿಯವರು. ಈ ಕಾಕಾ ಯಾರು, ಯಾವ ಓಣಿಯವರು, ಮನೆಯಲ್ಲಿ ಎಷ್ಟು ಮಂದಿ ಅನ್ನೋದು ಸಾಲಿನಲ್ಲಿ ನಿಂತವರಿಗೆಲ್ಲಾ ಗೊತ್ತು. ಅಂಗಡಿಯವರಿಗೂ ಗೊತ್ತು. ಗೊತ್ತಾಗದೇ ಇರುವುದು ಮಷೀನಿಗೆ ಮಾತ್ರ.

ದೇಶದ ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯ ಗುರುತಿನ ಚೀಟಿ ಬೇಕೋ ಬೇಡವೋ ಎಂಬ ಚರ್ಚೆ ದಿಲ್ಲಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ, ಹೊರದೇಶಗಳಲ್ಲಿ ದಶಕಗಳಿಂದ ನಡೆದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಜನರಿಗೆ ಅದು ಬರೀ ಚರ್ಚೆಯಲ್ಲ. ಅಕ್ಕಿ, ಕೂಲಿ, ಪಿಂಚಣಿ, ಬಸ್ ಟಿಕೆಟ್, ಸಿಮ್ ಕಾರ್ಡ್ ಎಲ್ಲದರಲ್ಲೂ ಅದು ಎದುರಾಗುತ್ತದೆ. ಹಾಗಾಗಿ ಈ ಚೀಟಿ ಎಲ್ಲಿಂದ ಬಂತು, ಕಾನೂನು ಏನು ಹೇಳುತ್ತದೆ, ಎಲ್ಲಿ ಅದು ಕಡ್ಡಾಯ, ಎಲ್ಲಿ ಅಲ್ಲ ಎಂಬುದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಮೊದಲು ಒಂದು ಗೊಂದಲ: ಆಧಾರ್ 'ಕಾರ್ಡ್' ಅಲ್ಲ, ನಂಬರ್

ಹೆಚ್ಚಿನವರು ಆಧಾರ್ ಅಂದರೆ ಭಾರತದ ಪೌರತ್ವದ ಕಾರ್ಡ್ ಎಂದೇ ತಿಳಿದಿದ್ದಾರೆ. ಅದು ತಪ್ಪು. ಆಧಾರ್ 12 ಅಂಕಿಯ ಒಂದು ಸಂಖ್ಯೆ. ಅದರ ಹಿಂದೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಲಿಂಗ, ಫೋಟೋ, ಹತ್ತು ಬೆರಳಚ್ಚು ಮತ್ತು ಎರಡು ಕಣ್ಣಿನ ಪಾಪೆಯ ಗುರುತು ಇರುತ್ತದೆ. ಅರ್ಜಿ ಹಾಕುವ ಮುಂಚಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದ ಯಾರೂ ಅದನ್ನು ಪಡೆಯಬಹುದು. ಅಂದರೆ ಅದು ನಿವಾಸಿಯ ಗುರುತು, ಪೌರನ ಗುರುತು ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಕಲಂ ಇದನ್ನೇ ನೇರವಾಗಿ ಹೇಳುತ್ತದೆ: ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ.

ಹಾಗಾದರೆ ಪೌರರಿಗೆ ಅಂತ ಬೇರೆ ರಾಷ್ಟ್ರೀಯ ಚೀಟಿ ಇದೆಯೇ? ಕಾನೂನಿನ ಪುಸ್ತಕದಲ್ಲಿ ಇದೆ, ಜನರ ಕೈಯಲ್ಲಿ ಇಲ್ಲ. 1999ರ ಕಾರ್ಗಿಲ್ ಯುದ್ಧದ ನಂತರ ದೇಶದ ಭದ್ರತೆ ಪರಿಶೀಲಿಸಿದ ಸಚಿವರ ತಂಡ 2001ರಲ್ಲಿ ವಿವಿಧೋದ್ದೇಶ ರಾಷ್ಟ್ರೀಯ ಗುರುತಿನ ಚೀಟಿ ಕೊಡಬೇಕು ಎಂದು ಶಿಫಾರಸು ಮಾಡಿತು. 2003ರಲ್ಲಿ ಸಂಸತ್ತು ಪೌರತ್ವ ಕಾಯ್ದೆಗೆ 14ಎ ಎಂಬ ಕಲಂ ಸೇರಿಸಿತು. ಪ್ರತಿಯೊಬ್ಬ ಪೌರನನ್ನೂ ಕಡ್ಡಾಯವಾಗಿ ನೋಂದಾಯಿಸಿ ರಾಷ್ಟ್ರೀಯ ಗುರುತಿನ ಚೀಟಿ ಕೊಡುವ ಅಧಿಕಾರ ಅದರಿಂದ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ನಡೆಯಿತು. 2008ರ ಮುಂಬೈ ದಾಳಿಯ ನಂತರ ಕರ್ನಾಟಕವೂ ಸೇರಿದಂತೆ ಕರಾವಳಿಯ ಹಳ್ಳಿಗಳಲ್ಲಿ ನಿವಾಸಿ ಗುರುತಿನ ಚೀಟಿ ಹಂಚಲಾಯಿತು. ಆದರೆ ಇಡೀ ದೇಶಕ್ಕೆ ಪೌರತ್ವದ ಚೀಟಿ ಬರಲೇ ಇಲ್ಲ.

ಅಷ್ಟರಲ್ಲಿ ಇನ್ನೊಂದು ಗಾಡಿ ಮುಂದೆ ಹೋಯಿತು. ಅದೇ ಆಧಾರ್.

ಚೀಟಿ ತಂದವರೂ ಕನ್ನಡಿಗರು, ಪ್ರಶ್ನೆ ಮಾಡಿದವರೂ ಕನ್ನಡಿಗರು

ವಿಶಿಷ್ಟ ಗುರುತಿನ ಪ್ರಾಧಿಕಾರ ಹುಟ್ಟಿದ್ದು 2009ರ ಜನವರಿಯಲ್ಲಿ. ಅದರ ಮೊದಲ ಅಧ್ಯಕ್ಷರಾದವರು ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಬೆಂಗಳೂರಿನ ನಂದನ್ ನಿಲೇಕಣಿ. ಮೊದಲ ಆಧಾರ್ ಸಂಖ್ಯೆ ಕೊಟ್ಟಿದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಆದಿವಾಸಿ ಹಳ್ಳಿಯಲ್ಲಿ. ಹುಟ್ಟಿದ ದಾಖಲೆ, ಶಾಲೆಯ ಟಿ.ಸಿ., ಮನೆಯ ಪತ್ರ ಯಾವುದೂ ಇಲ್ಲದ ಬಡವರಿಗೆ "ನಾನು ಇಂಥವನು" ಎಂದು ಹೇಳಿಕೊಳ್ಳಲು ಒಂದು ಆಸರೆ ಬೇಕು ಅನ್ನೋದು ಆಗ ಹೇಳಿದ ಮುಖ್ಯ ಕಾರಣ.

ಆದರೆ ಕೋಟ್ಯಂತರ ಜನರ ಬೆರಳಚ್ಚು ತೆಗೆಯುವ ಈ ಕೆಲಸಕ್ಕೆ ಆಗ ಸಂಸತ್ತಿನ ಕಾನೂನೇ ಇರಲಿಲ್ಲ, ಸರ್ಕಾರದ ಒಂದು ಆದೇಶ ಮಾತ್ರ ಇತ್ತು. 2010ರಲ್ಲಿ ಮಂಡಿಸಿದ ಮಸೂದೆಯನ್ನು ಯಶವಂತ್ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ 2011ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಆದರೂ ನೋಂದಣಿ ನಿಲ್ಲಲಿಲ್ಲ.

2012ರಲ್ಲಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು 86. ಕಾನೂನಿಲ್ಲದೆ ಜನರ ಬೆರಳಚ್ಚು ಸಂಗ್ರಹಿಸುವುದು ಹೇಗೆ ಸರಿ ಅನ್ನೋದು ಅವರ ಪ್ರಶ್ನೆ. ಇಂದು ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ 'ಪುಟ್ಟಸ್ವಾಮಿ ತೀರ್ಪು' ಎಂದು ಅವರ ಹೆಸರನ್ನೇ ಹೇಳುತ್ತಾರೆ. ಅವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೋರ್ಟ್ ಹೇಳಿದ್ದೇನು?

ಮೂರು ದಿನಾಂಕ ನೆನಪಿಟ್ಟರೆ ಸಾಕು.

2013ರ ಸೆಪ್ಟೆಂಬರ್ 23: ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ತೊಂದರೆ ಆಗಬಾರದು ಎಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು.

2017ರ ಆಗಸ್ಟ್ 24: ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಈ ಪೀಠದಲ್ಲಿ ಕರ್ನಾಟಕದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಕೂಡ ಇದ್ದರು.

2018ರ ಸೆಪ್ಟೆಂಬರ್ 26: ಐವರ ಪೀಠ 4-1 ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದಕ್ಕೆ ಬೇಲಿ ಹಾಕಿತು. ಸರ್ಕಾರದ ಸಬ್ಸಿಡಿ, ಸವಲತ್ತಿಗೆ ಆಧಾರ್ ಕೇಳಬಹುದು. ಪ್ಯಾನ್ ಜೊತೆ ಜೋಡಣೆ ಸರಿ. ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಜೋಡಿಸಲೇಬೇಕು ಅನ್ನುವಂತಿಲ್ಲ. ಶಾಲೆಗೆ ಮಗುವನ್ನು ಸೇರಿಸಲು ಆಧಾರ್ ಕಡ್ಡಾಯವಲ್ಲ. ಖಾಸಗಿಯವರು ತಮ್ಮ ವ್ಯವಹಾರಕ್ಕೆ ಆಧಾರ್ ಬಳಸಲು ದಾರಿ ಮಾಡಿಕೊಟ್ಟಿದ್ದ 57ನೇ ಕಲಮಿನ ಭಾಗವನ್ನು ಕೋರ್ಟ್ ತೆಗೆದುಹಾಕಿತು.

ಒಪ್ಪದ ಒಬ್ಬ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ರಾಜ್ಯಸಭೆಯ ಒಪ್ಪಿಗೆ ಬೇಕಾಗದಂತೆ ಕಾಯ್ದೆಯನ್ನು ಹಣಕಾಸು ಮಸೂದೆ ಎಂದು ಪಾಸು ಮಾಡಿದ್ದು ಸಂವಿಧಾನಕ್ಕೆ ಮಾಡಿದ ವಂಚನೆ ಎಂಬುದು ಅವರ ಅಭಿಪ್ರಾಯವಾಗಿತ್ತು.

2019ರಲ್ಲಿ ಸರ್ಕಾರ ಕಾಯ್ದೆ ತಿದ್ದಿತು. ಈಗ ಬ್ಯಾಂಕ್, ಟೆಲಿಕಾಂ ಕಂಪನಿಗಳು ಗ್ರಾಹಕ ಸ್ವಂತ ಇಚ್ಛೆಯಿಂದ ಕೊಟ್ಟರೆ ಆಧಾರ್ ಬಳಸಬಹುದು. 'ಸ್ವಂತ ಇಚ್ಛೆ' ಎಂಬ ಮಾತು ಇಲ್ಲಿ ಮುಖ್ಯ.

ಬೇಕು ಅನ್ನುವವರ ಮಾತಿನಲ್ಲಿ ಸತ್ಯ ಇದೆ

ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋಗುವ ಕುಟುಂಬಗಳನ್ನೇ ತಗೊಳ್ಳಿ. ಮೊದಲು ಊರು ಬಿಟ್ಟರೆ ಪಡಿತರ ಬಿಟ್ಟಂಗೇ. ಊರಿನ ಅಂಗಡಿಯಲ್ಲಿ ಹೆಸರು ಇದ್ದರೂ ಪುಣೆಯಲ್ಲಿ ಕಿಲೋಗೆ ಇಷ್ಟು ಅಂತ ಕೊಟ್ಟು ಕೊಳ್ಳಬೇಕಿತ್ತು. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ ಬಂದ ಮೇಲೆ ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಅದು ಸಾಧ್ಯವಾಗಿದ್ದು ಆಧಾರ್ ಗುರುತಿನಿಂದ. ಅಪರಿಚಿತ ಊರಿನಲ್ಲಿ ಯಾರೂ ಇವರ ಮುಖ ನೋಡಿ ಗುರುತು ಹಿಡಿಯುವುದಿಲ್ಲ, ನಂಬರ್ ಹಿಡಿಯುತ್ತದೆ.

ಎರಡನೆಯದು ಹಣ. ಗೃಹಲಕ್ಷ್ಮಿಯ 2,000 ರೂಪಾಯಿ, ವೃದ್ಧಾಪ್ಯ ಮತ್ತು ವಿಧವಾ ಪಿಂಚಣಿ ಈಗ ನೇರ ಖಾತೆಗೆ ಬರುತ್ತವೆ. ನಡುವೆ ಕೈಚಾಚುವವರು ಕಡಿಮೆಯಾಗಿದ್ದಾರೆ. ಬ್ಯಾಂಕ್ ಶಾಖೆ ದೂರ ಇರುವ ಹಳ್ಳಿಗಳಲ್ಲಿ ಅಂಚೆಯವರು, ಬ್ಯಾಂಕ್ ಮಿತ್ರರು ಬೆರಳಚ್ಚು ಪಡೆದು ಮನೆ ಬಾಗಿಲಲ್ಲೇ ಹಣ ಎಣಿಸಿಕೊಡುತ್ತಾರೆ.

ಮೂರನೆಯದು, ಒಂದೇ ಹೆಸರಿನಲ್ಲಿ ಎರಡು ಮೂರು ಕಾರ್ಡ್ ಮಾಡಿಸುವುದು, ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುವುದು ಕಷ್ಟವಾಗಿದೆ. ಇದು ಸಣ್ಣ ಲಾಭವಲ್ಲ. ಕಳ್ಳ ಕಾರ್ಡ್‌ಗೆ ಹೋದ ಅಕ್ಕಿ ಖರೇ ಬಡವನ ಪಾಲಿನದೇ.

ಬೇಡ ಅನ್ನುವವರ ಮಾತಿನಲ್ಲೂ ಸತ್ಯ ಇದೆ

ಬೆರಳಚ್ಚು ಎಲ್ಲರದೂ ಒಂದೇ ಥರ ಉಳಿಯುವುದಿಲ್ಲ. ಶಹಾಬಾದ್, ಚಿತ್ತಾಪುರದ ಕಲ್ಲಿನ ಖಣಿ, ಪಾಲಿಶ್ ಘಟಕ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕೆಲಸ, ತೊಗರಿ ಹೊಲದ ಕೆಲಸ ಮಾಡಿದ ಕೈಯಲ್ಲಿ ಗೆರೆ ಸವೆದುಹೋಗುತ್ತವೆ. ವಯಸ್ಸಾದಂತೆ ಇನ್ನೂ ಮಾಸುತ್ತವೆ. ಅಂದರೆ ಯಾರಿಗೆ ಸರ್ಕಾರದ ನೆರವು ಹೆಚ್ಚು ಬೇಕೋ ಅವರ ಬಟ್ಟೇ ಹೆಚ್ಚು ಸಲ ಹತ್ತುವುದಿಲ್ಲ.

ಇದು ಹೊಟ್ಟೆಯ ಪ್ರಶ್ನೆ ಅನ್ನೋದನ್ನು 2017 ತೋರಿಸಿತು. ಆ ವರ್ಷ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ತೀರಿಕೊಂಡರು. ಆಧಾರ್ ಜೋಡಣೆ ಇಲ್ಲದ್ದಕ್ಕೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ನಿಂತಿತ್ತು, ಹಸಿವಿನಿಂದ ಸತ್ತರು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ, ಸಾವಿಗೆ ಬೇರೆ ಕಾರಣ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಝಾರ್ಖಂಡ್‌ನ ಸಿಮ್ಡೇಗಾದಲ್ಲಿ 11 ವರ್ಷದ ಬಾಲಕಿಯ ಸಾವಿನ ಸುತ್ತಲೂ ಇದೇ ವಾದ ನಡೆಯಿತು. 2017ರ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, ಆಧಾರ್ ಇಲ್ಲ ಅಥವಾ ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಹೇಳಿತು.

ಇನ್ನೊಂದು ಭಯ ಕಳವಿನದು. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಕದ್ದು, ನಕಲಿ ಬೆರಳಚ್ಚು ಮಾಡಿ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಎ.ಟಿ.ಎಂ. ಪಿನ್ ಕಳುವಾದರೆ ಬದಲಿಸಬಹುದು, ಬೆರಳು ಬದಲಿಸಲು ಬರುವುದಿಲ್ಲ.

ಮೂರನೆಯದು, ಒಂದು ಕೆಲಸಕ್ಕೆ ಅಂತ ತಂದ ಚೀಟಿ ಹತ್ತು ಕೆಲಸಕ್ಕೆ ಹಬ್ಬುವುದು. ಅಕ್ಕಿಗೆ ಅಂತ ಶುರುವಾಗಿದ್ದನ್ನು ಇಂದು ಲಾಡ್ಜಿನಲ್ಲೂ ಕೇಳುತ್ತಾರೆ, ಬಾಡಿಗೆ ಮನೆಗೂ ಕೇಳುತ್ತಾರೆ.

ಹೊರದೇಶದಲ್ಲಿ ಹೇಗೆ?

ಬ್ರಿಟನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟಿತ್ತು. ಯುದ್ಧ ಮುಗಿದರೂ ಪೊಲೀಸರು ಅದನ್ನು ಕೇಳುವುದು ನಿಲ್ಲಲಿಲ್ಲ. 1950ರ ಡಿಸೆಂಬರ್‌ನಲ್ಲಿ ಕ್ಲಾರೆನ್ಸ್ ವಿಲ್‌ಕಾಕ್ ಎಂಬುವರು ಲಂಡನ್‌ನಲ್ಲಿ ಕಾರು ನಿಲ್ಲಿಸಿದ ಪೊಲೀಸನಿಗೆ ಚೀಟಿ ತೋರಿಸಲು ಒಪ್ಪಲಿಲ್ಲ. ಕೇಸು ಸೋತರು. ಆದರೆ ಯುದ್ಧಕ್ಕೆಂದು ಮಾಡಿದ ಕಾನೂನನ್ನು ಶಾಂತಿಯ ಕಾಲದಲ್ಲಿ ಹೀಗೆ ಬಳಸುವುದನ್ನು ನ್ಯಾಯಾಧೀಶರೇ ಟೀಕಿಸಿದರು. 1952ರ ಫೆಬ್ರವರಿಯಲ್ಲಿ ಚೀಟಿ ರದ್ದಾಯಿತು. 2006ರಲ್ಲಿ ಮತ್ತೆ ಕಾನೂನು ತಂದರು, ಸರ್ಕಾರ ಬದಲಾದ ಮೇಲೆ 2010ರಲ್ಲಿ ಅದನ್ನೂ ಕೈಬಿಟ್ಟರು.

ಜರ್ಮನಿಯಲ್ಲಿ 16 ವರ್ಷ ದಾಟಿದ ಪೌರರು ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಹೊಂದಿರಲೇಬೇಕು. ಆದರೆ ಬೆರಳಚ್ಚು ಆ ಕಾರ್ಡಿನ ಚಿಪ್ಪಿನಲ್ಲಿ ಮಾತ್ರ ಇರುತ್ತದೆ, ಸರ್ಕಾರದ ಒಂದು ದೊಡ್ಡ ಕಣಜದಲ್ಲಿ ಅಲ್ಲ. ಎಸ್ಟೋನಿಯಾದಲ್ಲಿ ಪ್ರತಿಯೊಬ್ಬರಿಗೂ ಡಿಜಿಟಲ್ ಚೀಟಿ ಇದೆ. ತನ್ನ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬುದನ್ನು ಪೌರ ತಾನೇ ನೋಡಬಹುದು.

ಕೆಟ್ಟ ಉದಾಹರಣೆ ರುವಾಂಡದ್ದು. ಬೆಲ್ಜಿಯಂ ಆಳ್ವಿಕೆಯಲ್ಲಿ 1930ರ ದಶಕದಲ್ಲಿ ಅಲ್ಲಿನ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ ಎಂದು ಜನಾಂಗ ಬರೆಯುವುದು ಶುರುವಾಯಿತು. 1994ರ ನರಮೇಧದಲ್ಲಿ ರಸ್ತೆ ತಡೆದು ಚೀಟಿ ನೋಡಿ ಜನರನ್ನು ಕೊಂದರು. ಹಾಗಾಗಿ ಚೀಟಿಯಲ್ಲಿ ಏನು ಬರೆಯಬೇಕು ಅನ್ನುವಷ್ಟೇ ಏನು ಬರೆಯಬಾರದು ಅನ್ನೋದೂ ಮುಖ್ಯ. ಈ ವಿಷಯದಲ್ಲಿ ಆಧಾರ್ ಕಾಯ್ದೆ ಎಚ್ಚರ ವಹಿಸಿದೆ: ಜಾತಿ, ಧರ್ಮ, ಬುಡಕಟ್ಟು, ಭಾಷೆ, ಆದಾಯ, ಆರೋಗ್ಯದ ಮಾಹಿತಿ ಸಂಗ್ರಹಿಸುವಂತಿಲ್ಲ.

'ಮುಲ್ಕಿ' ನೆನಪಿರುವ ನೆಲ

ಗುರುತಿನ ಕಾಗದದ ರಗಳೆ ಈ ಭಾಗಕ್ಕೆ ಹೊಸತಲ್ಲ. ಕಲಬುರಗಿ ನಿಜಾಮನ ಸಂಸ್ಥಾನದಲ್ಲಿದ್ದಾಗ ಸರ್ಕಾರಿ ನೌಕರಿಗೆ 'ಮುಲ್ಕಿ' ಆಗಿರಬೇಕಿತ್ತು. 1919ರ ಫರ್ಮಾನಿನ ಪ್ರಕಾರ ಸಂಸ್ಥಾನದಲ್ಲಿ ಹುಟ್ಟಿದವರು, ಇಲ್ಲವೇ 15 ವರ್ಷ ಇಲ್ಲಿ ನೆಲೆಸಿದವರು ಮುಲ್ಕಿ. ಉಳಿದವರು ಗೈರ್ ಮುಲ್ಕಿ. ಅದಕ್ಕೊಂದು ಸರ್ಟಿಫಿಕೇಟ್. ಹೊರಗಿನವರು ಸುಳ್ಳು ಮುಲ್ಕಿ ಸರ್ಟಿಫಿಕೇಟ್ ಮಾಡಿಸಿ ನೌಕರಿ ಹಿಡಿಯುತ್ತಿದ್ದಾರೆ ಎಂದು 1952ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಕಾಗದಕ್ಕೆ ಬೆಲೆ ಬಂದ ಕೂಡಲೇ ಅದರ ನಕಲಿಯೂ ಬಂತು.

ಇಂದು ಆ ಜಾಗದಲ್ಲಿ 371(ಜೆ) ಅರ್ಹತಾ ಪ್ರಮಾಣಪತ್ರ ಇದೆ. ಕಲ್ಯಾಣ ಕರ್ನಾಟಕದ ಮೀಸಲಾತಿ ಬೇಕೆಂದರೆ ಆಧಾರ್‌ನಲ್ಲಿ ಸೇಡಂ, ಚಿತ್ತಾಪುರ ವಿಳಾಸ ಇದ್ದರೆ ಸಾಲದು. ಇಲ್ಲಿ ಹುಟ್ಟಿದ ಅಥವಾ ಕಾನೂನು ಹೇಳಿದಷ್ಟು ವರ್ಷ ವಾಸವಿದ್ದ ದಾಖಲೆ ಕೊಟ್ಟು ಉಪವಿಭಾಗಾಧಿಕಾರಿಯಿಂದ ಪ್ರಮಾಣಪತ್ರ ಪಡೆಯಬೇಕು. ವಿಳಾಸ ಬೇರೆ, ಸ್ಥಳೀಯ ಎಂಬ ಹಕ್ಕು ಬೇರೆ.

ಗಡಿಯ ಉದಾಹರಣೆಯೂ ಕಣ್ಣ ಮುಂದೆಯೇ ಇದೆ. ಸೇಡಂ, ಚಿಂಚೋಳಿ ತಾಲ್ಲೂಕಿಗೂ ತೆಲಂಗಾಣದ ತಾಂಡೂರು ಕಡೆಗೂ ಬೀಗತನ ಬಹಳ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು, ತೆಲಂಗಾಣದ ಮಹಾಲಕ್ಷ್ಮಿ ಉಚಿತ ಪ್ರಯಾಣ ಅದೇ ವರ್ಷ ಡಿಸೆಂಬರ್ 9ರಂದು. ತಾಂಡೂರಿನಿಂದ ಸೇಡಂಗೆ ಸೊಸೆಯಾಗಿ ಬಂದ ಹೆಣ್ಣುಮಗಳ ಆಧಾರ್‌ನಲ್ಲಿ ತವರಿನ ವಿಳಾಸವೇ ಇದ್ದರೆ, ಸೇಡಂನಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಆಕೆ ಟಿಕೆಟ್ ತಗೊಳ್ಳಬೇಕು. ಆಕೆ ಬಾಳುವುದು ಇಲ್ಲಿ, ಆದರೆ ಕಾಗದ ಅಲ್ಲಿಯದು ಅನ್ನುತ್ತದೆ. ಇದಕ್ಕೆ ದಾರಿ ಇದೆ: ಮನೆಯ ಯಜಮಾನರ ಆಧಾರ್ ವಿಳಾಸ ಮತ್ತು ಅವರ ಒಪ್ಪಿಗೆಯ ಮೇಲೆ ಕುಟುಂಬದ ಇತರರ ವಿಳಾಸ ಬದಲಿಸುವ ವ್ಯವಸ್ಥೆ 2023ರಿಂದ ಬಂದಿದೆ.

ಆಧಾರ್ ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ

"ನೀವು ಯಾರು?" — ಇದಕ್ಕೆ ಉತ್ತರ ಹೌದು.

"ನೀವು ಭಾರತದ ಪೌರರೇ?" — ಅಲ್ಲ. ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯ ವೇಳೆ 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆಧಾರ್ ಅನ್ನು 12ನೇ ದಾಖಲೆಯಾಗಿ ಒಪ್ಪಿಕೊಳ್ಳಲು ಚುನಾವಣಾ ಆಯೋಗಕ್ಕೆ ಹೇಳಿತು. ಆದರೆ ಗುರುತಿಗೆ ಮಾತ್ರ, ಪೌರತ್ವಕ್ಕೆ ಅಲ್ಲ ಎಂದೂ ಹೇಳಿತು. ಪೌರತ್ವವನ್ನು ಹಳೇ ಕಾಗದಗಳಿಂದ ಅಳೆಯಲು ಹೊರಟರೆ ಏನಾಗುತ್ತದೆ ಅನ್ನೋದಕ್ಕೆ ಅಸ್ಸಾಂ ಸಾಕ್ಷಿ. 2019ರ ಆಗಸ್ಟ್ 31ರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಹೊರಗುಳಿಯಿತು.

"ನಿಮ್ಮ ವಯಸ್ಸು ಎಷ್ಟು?" — ಪಕ್ಕಾ ಪುರಾವೆ ಅಲ್ಲ. ಆಧಾರ್ ಮಾಡಿಸುವಾಗ ದಿನಾಂಕ ಗೊತ್ತಿಲ್ಲದ ಹಿರಿಯರಿಗೆ ಜನವರಿ 1 ಎಂದು ಬಿದ್ದಿರುವುದು ಮನೆಮನೆಯಲ್ಲೂ ಕಾಣುತ್ತದೆ. ಭವಿಷ್ಯನಿಧಿ ಸಂಸ್ಥೆ 2024ರ ಜನವರಿಯಲ್ಲಿ ಜನ್ಮದಿನಾಂಕದ ದಾಖಲೆಗಳ ಪಟ್ಟಿಯಿಂದ ಆಧಾರ್ ಅನ್ನು ತೆಗೆದಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಕೇಸೊಂದರಲ್ಲಿ ವಯಸ್ಸಿಗೆ ಆಧಾರ್‌ಗಿಂತ ಶಾಲೆಯ ಟಿ.ಸಿ. ಮೇಲು ಎಂದಿತು. ವಾಡಿ, ಶಹಾಬಾದ್, ಸೇಡಂನ ಕಾರ್ಖಾನೆ ಕೆಲಸಗಾರರು ನಿವೃತ್ತಿಗೆ ಮುಂಚೆಯೇ ಟಿ.ಸಿ. ಮತ್ತು ಪಿ.ಎಫ್. ದಾಖಲೆಯಲ್ಲಿನ ದಿನಾಂಕ ಒಂದೇ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು.

"ಇನ್ನೊಬ್ಬರ ಮಾಹಿತಿ ಕೊಡಿ" — ಸಿಗುವುದಿಲ್ಲ, ಗಂಡ-ಹೆಂಡತಿ ಆದರೂ ಅಷ್ಟೇ. ಬಿಟ್ಟುಹೋದ ಗಂಡನ ವಿಳಾಸ ಆಧಾರ್‌ನಿಂದ ಕೊಡಿ ಎಂದು ಮಹಿಳೆಯೊಬ್ಬರು ಕೇಳಿದ ಪ್ರಕರಣದಲ್ಲಿ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಕರಗುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2023ರಲ್ಲಿ ಹೇಳಿತು.

ಅಂಗಡಿಕಾರರು ತಿಳಿದಿರಬೇಕಾದ್ದು

ಮೊಬೈಲ್ ಅಂಗಡಿ, ಲಾಡ್ಜ್, ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ನಡೆಸುವವರು ದಿನಕ್ಕೆ ಹತ್ತಾರು ಆಧಾರ್ ಪ್ರತಿ ಮುಟ್ಟುತ್ತಾರೆ. ಕಾನೂನಿನ ಸಾರ ಇಷ್ಟು:

- ಗ್ರಾಹಕ ಆಧಾರ್ ಕೊಡಲು ಒಪ್ಪದಿದ್ದರೆ ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್‌ನಂಥ ಬೇರೆ ದಾಖಲೆ ತೋರಿಸಬಹುದು. ಆಧಾರ್ ದೃಢೀಕರಣ ಕೇಳುವ ಸಂಸ್ಥೆ ಬೇರೆ ದಾರಿ ಇದೆ ಎಂದು ಹೇಳಲೇಬೇಕು. ಒಪ್ಪಲಿಲ್ಲ ಅಥವಾ ಬಟ್ಟು ಹತ್ತಲಿಲ್ಲ ಎಂದು ಸೇವೆ ನಿರಾಕರಿಸುವಂತಿಲ್ಲ.
- ಗ್ರಾಹಕರ ಆಧಾರ್ ಪ್ರತಿಗಳನ್ನು ಕಂಪ್ಯೂಟರಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹಾಗೇ ಬಿಡಬಾರದು. ಕೆಲಸ ಮುಗಿದ ಕೂಡಲೇ ಅಳಿಸಬೇಕು. ಹಾಳಾದ ಝೆರಾಕ್ಸ್ ಪ್ರತಿಯಲ್ಲಿ ಮಿರ್ಚಿ-ಭಜಿ ಕಟ್ಟಿಕೊಡುವುದೂ ಅಪಾಯವೇ.
- ಮೊದಲ 8 ಅಂಕಿ ಮುಚ್ಚಿದ, ಕೊನೆಯ 4 ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಲಾಡ್ಜಿನಂಥ ಕಡೆ ಅದೇ ಸಾಕು.

ಈ ವಿಷಯದಲ್ಲಿ ಸರ್ಕಾರವೇ ತಡವರಿಸಿದ್ದೂ ಇದೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಝೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಕೊಟ್ಟಿತು. ಜನ ಗಾಬರಿಯಾದರು. ಎರಡೇ ದಿನದಲ್ಲಿ, ತಪ್ಪಾಗಿ ಅರ್ಥವಾಗಬಹುದು ಎಂದು ಕೇಂದ್ರ ಅದನ್ನು ವಾಪಸ್ ಪಡೆಯಿತು. ಆದರೆ ಮಾಸ್ಕ್ಡ್ ಆಧಾರ್ ಸೌಲಭ್ಯ ಈಗಲೂ ಇದೆ.

ಬಟ್ಟು ಹತ್ತದಿದ್ದರೆ ಏನು ಮಾಡಬೇಕು?

ಕಣ್ಣಿನ ಪಾಪೆ, ಮುಖ ಗುರುತು, ಮೊಬೈಲ್ ಒ.ಟಿ.ಪಿ. ಈ ಮೂರೂ ಆಧಾರ್ ವ್ಯವಸ್ಥೆಯಲ್ಲಿ ಒಪ್ಪಿತ ದಾರಿಗಳು. ಒ.ಟಿ.ಪಿ. ಬರಬೇಕೆಂದರೆ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಸೇರಿರಬೇಕು. ಹಳೇ ಸಿಮ್ ಬಿಟ್ಟವರು ಮೊದಲು ಅದನ್ನೇ ಸರಿಮಾಡಿಸಬೇಕು.

ಸವೆದ ಬೆರಳಿನವರು ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಮತ್ತೆ ಕೊಡಬಹುದು. ಯಾವ ಬೆರಳು ಚೆನ್ನಾಗಿ ಹೊಂದುತ್ತದೆ ಎಂದು ಅಲ್ಲೇ ಕೇಳಿ ತಿಳಿದುಕೊಂಡರೆ ಪಡಿತರ ಅಂಗಡಿಯಲ್ಲಿ ಹತ್ತು ಬೆರಳೂ ಇಟ್ಟು ನೋಡುವುದು ತಪ್ಪುತ್ತದೆ. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಬಯೋಮೆಟ್ರಿಕ್ ನವೀಕರಣ ಕಡ್ಡಾಯ.

ಆಧಾರ್ ಸಂಖ್ಯೆಯೇ ಇಲ್ಲದವರಿಗೆ ಬೇರೆ ಗುರುತಿನ ಮೇಲೆ ಸವಲತ್ತು ಕೊಡಬೇಕು ಎಂದು ಕಾಯ್ದೆಯ 7ನೇ ಕಲಮೇ ಹೇಳುತ್ತದೆ. ಪಡಿತರ ಸಿಗದಿದ್ದರೆ ತಹಸೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಪಡಿತರ ಸಹಾಯವಾಣಿ 1967, ಆಧಾರ್ ಸಹಾಯವಾಣಿ 1947.

ಖಾತೆಯಿಂದ ಗೊತ್ತಿಲ್ಲದೆ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೆರಳಚ್ಚಿನಿಂದ ಹಣ ತೆಗೆಯುವ ಅಭ್ಯಾಸ ಇಲ್ಲದವರು ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿಡಬಹುದು, ಬೇಕಾದಾಗ ತೆರೆಯಬಹುದು.

ಹಾಗಾದರೆ ಬೇಕಾ, ಬೇಡವಾ?

130 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆ ಕೊಟ್ಟಾದ ಮೇಲೆ 'ಬೇಡ' ಅನ್ನುವ ಕಾಲ ಬಹುಪಾಲು ದಾಟಿಹೋಗಿದೆ. ಪುಣೆಗೆ ದುಡಿಯಲು ಹೋದ ಚಿಂಚೋಳಿಯ ಕುಟುಂಬಕ್ಕೆ ಅದರಿಂದ ಆದ ಉಪಯೋಗವನ್ನೂ ಅಲ್ಲಗಳೆಯಲಾಗದು. ಆದರೆ ಚೀಟಿ ಹೇಳಬಲ್ಲದ್ದು ಒಬ್ಬರು ಯಾರು ಎಂಬುದನ್ನು ಮಾತ್ರ. ಅವರಿಗೆ ಅಕ್ಕಿ ಸಲ್ಲಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕಾನೂನು. ಈ ಎರಡು ಕಲಸುಮೇಲೋಗರ ಆದಾಗಲೇ ಅರ್ಹರು ಬರಿಗೈಯಲ್ಲಿ ಮನೆಗೆ ಹೋಗುವುದು.

ಹಾಗಾಗಿ ಈ ಭಾಗದ ಜನ ಕೇಳಬೇಕಾದ ಪ್ರಶ್ನೆ ಬೇರೆ. ಮಷೀನು 'ಇಲ್ಲ' ಎಂದಾಗ 'ಹೌದು' ಅನ್ನುವ ಅಧಿಕಾರ ಅಲ್ಲಿ ಯಾರಿಗಿದೆ? ಪ್ರತಿ ನ್ಯಾಯಬೆಲೆ ಅಂಗಡಿಯಲ್ಲಿ ಬಟ್ಟು ಹತ್ತದವರ ಹೆಸರು ಬರೆದು, ಬೇರೆ ಗುರುತು ನೋಡಿ, ಅವತ್ತೇ ಪಡಿತರ ಕೊಡುವ ವಹಿ ಇದೆಯೇ? ಇದ್ದರೆ ಅದು ಬಳಕೆಯಲ್ಲಿದೆಯೇ? ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಇದನ್ನು ಕೇಳಲು ಯಾವ ಕಾರ್ಡೂ ಬೇಕಿಲ್ಲ.

ಇಡೀ ಓಣಿಗೆ ಪರಿಚಯ ಇರುವ ಕಾಕಾ ಚೀಲ ಮಡಚಿಕೊಂಡು "ನಾಳಿ ಬರ್ತೀನ್ರಿ" ಎಂದು ಬರಿಗೈಯಲ್ಲಿ ಹೊರಡುವುದು ನಿಲ್ಲಬೇಕು.